ಡಿ ಕೆಟಗರಿಯ ಹುಡುಗರು: ಕಬಡ್ಡಿ ಹರಾಜಿನ ಕೊನೆಯ ಸುತ್ತಲ್ಲಿ ಏನಿದೆ, ಗೋಕಾಕ-ಮೂಡಲಗಿ-ಹುಕ್ಕೇರಿಗೆ ಅದ್ಯಾಕೆ ಮುಖ್ಯ?

ಪ್ರೊ ಕಬಡ್ಡಿ ಹರಾಜು ನಡೆದ ದಿನ ನಮ್ಮ ಫೋನ್‌ಗಳಿಗೆ ಬರೋ ಸುದ್ದಿ ಒಂದೇ: ಯಾರು ಕೋಟಿ ದಾಟಿದರು? 2025ರ ಮೇ 31 ಮತ್ತು ಜೂನ್ 1ರಂದು ಮುಂಬೈನಲ್ಲಿ ನಡೆದ 12ನೇ ಆವೃತ್ತಿಯ ಹರಾಜಲ್ಲೂ ಹಾಗೇ ಆಯ್ತು. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ 2.23 ಕೋಟಿಗೆ ಗುಜರಾತ್ ಜೈಂಟ್ಸ್ ಪಾಲಾದರು, ದೇವಾಂಕ್ ದಲಾಲ್ 2.205 ಕೋಟಿಗೆ ಬೆಂಗಾಲ್ ವಾರಿಯರ್ಸ್ ಪಾಲಾದರು. ಟಿವಿ ಚರ್ಚೆ ಅಲ್ಲಿಗೆ ಮುಗೀತು. ಆದ್ರೆ ತಂಡ ಅಂದ್ರೆ ಕನಿಷ್ಠ 18, ಗರಿಷ್ಠ 25 ಜನ. ಕೋಟಿ ದಾಟಿದವರು ಇಡೀ ಹರಾಜಲ್ಲಿ 10 ಜನ ಮಾತ್ರ. ಉಳಿದವರು ಎಲ್ಲಿಂದ ಬಂದರು, ಎಷ್ಟಕ್ಕೆ ಬಂದರು, ಆಮೇಲೆ ಏನಾದರು ಅನ್ನೋದನ್ನ ಯಾರೂ ಹೇಳಲ್ಲ. ಈ ಬರಹ ಅವರ ಬಗ್ಗೆ. ಜೊತೆಗೆ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸಂಜೆ ಹೊತ್ತು ಮಣ್ಣಲ್ಲಿ ಲೈನ್ ಹಾಕಿಕೊಂಡು ಆಡೋ ಹುಡುಗನಿಗೆ ಆ ಕೊನೆಯ ಸುತ್ತು ಯಾಕೆ ಒಂದೇ ಬಾಗಿಲು ಅನ್ನೋದರ ಬಗ್ಗೆ.

ಹರಾಜು ಹೇಗೆ ನಡೆಯುತ್ತೆ

ಆಟಗಾರರನ್ನ ನಾಲ್ಕು ಕೆಟಗರಿಗಳಲ್ಲಿ ಹಂಚಲಾಗುತ್ತೆ. ಈಗಿನ ಬೇಸ್ ಪ್ರೈಸ್ ಹೀಗಿದೆ: ಎ ಕೆಟಗರಿಗೆ 30 ಲಕ್ಷ, ಬಿ 20 ಲಕ್ಷ, ಸಿ 13 ಲಕ್ಷ, ಡಿ 9 ಲಕ್ಷ. ಪ್ರತಿ ಫ್ರಾಂಚೈಸಿಯ ಕೈಲಿರೋ ದುಡ್ಡು 5 ಕೋಟಿ. ಹಳೇ ಆಟಗಾರರನ್ನ ಉಳಿಸಿಕೊಂಡಿದ್ದರೆ ಅವರ ಸಂಬಳ ಈ 5 ಕೋಟಿಯಲ್ಲೇ ಕಳೆದುಹೋಗುತ್ತೆ. ಇದರ ಪಕ್ಕದಲ್ಲೇ ಇನ್ನೊಂದು ಸಣ್ಣ ಬಾಗಿಲಿದೆ, 'ಹೊಸ ಯುವ ಆಟಗಾರ' ಅಂತ. ಈವರೆಗೆ ಲೀಗ್ ಆಡದ ಹುಡುಗರನ್ನ ತಂಡಗಳು ಬಿಡ್ಡಿಂಗ್ ಇಲ್ಲದೆ ನಿಗದಿತ ಸಂಬಳಕ್ಕೆ ಸೇರಿಸಿಕೊಳ್ಳೋ ವ್ಯವಸ್ಥೆ ಇದು. ಮುಂದಿನ ಸೀಸನ್‌ಗಳಲ್ಲಿ ಅವರನ್ನ ಉಳಿಸಿಕೊಳ್ಳೋಕೂ ತಂಡಕ್ಕೆ ಹಕ್ಕಿದೆ. ಈ ಹಕ್ಕಿನ ಬಗ್ಗೆ ಆಮೇಲೆ ಬರ್ತೀನಿ, ಅದರಲ್ಲಿ ಒಂದು ಕಸರತ್ತಿದೆ.

ಎಂಜಿನಿಯರಿಂಗ್ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಮೊದಲನೇ ದಿನ ದೊಡ್ಡ ಕಂಪನಿ, ದೊಡ್ಡ ಪ್ಯಾಕೇಜ್, ನೋಟಿಸ್ ಬೋರ್ಡಲ್ಲಿ ಫೋಟೊ. ಕೊನೆಯ ದಿನ ಒಂದೇ ಕಂಪನಿ ಬಂದು ಇಡೀ ಬ್ಯಾಚನ್ನ ಒಂದೇ ಸಂಬಳಕ್ಕೆ ಎತ್ತಿಕೊಂಡು ಹೋಗುತ್ತೆ. ಹತ್ತು ವರ್ಷ ಆದಮೇಲೆ ನೋಡಿದ್ರೆ ಮೊದಲ ದಿನದವರಿಗೂ ಕೊನೆಯ ದಿನದವರಿಗೂ ಕೆಲಸದಲ್ಲಿ ಅಂಥ ವ್ಯತ್ಯಾಸ ಏನೂ ಇರಲ್ಲ. ಸಂಬಳದಲ್ಲಿ ಮಾತ್ರ ಇರುತ್ತೆ.

ಅಮೆರಿಕನ್ ಫುಟ್ಬಾಲ್‌ನಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಕೊನೆ ಬಂದ ತಂಡಕ್ಕೆ ಮೊದಲ ಆಯ್ಕೆ. ಅಲ್ಲಿ ಟಾಮ್ ಬ್ರೇಡಿ 2000ದಲ್ಲಿ ಆರನೇ ಸುತ್ತಲ್ಲಿ, 199ನೇಯವನಾಗಿ ಆಯ್ಕೆಯಾದ. ಆಮೇಲೆ ಏಳು ಸೂಪರ್ ಬೌಲ್ ಗೆದ್ದ. 2022ರಲ್ಲಿ ಕಟ್ಟಕಡೆಯ ಆಯ್ಕೆಯಾಗಿ, 262ನೇಯವನಾಗಿ ಬಂದ ಬ್ರಾಕ್ ಪರ್ಡಿ ಎರಡೇ ವರ್ಷದೊಳಗೆ ಸೂಪರ್ ಬೌಲ್ ಆಡಿದ. ಇವೆಲ್ಲ ಕಥೆ ಅಂತ ತಳ್ಳಿಹಾಕಬಹುದು. ಆದ್ರೆ ಕೇಡ್ ಮ್ಯಾಸಿ ಮತ್ತು ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಆ ಡ್ರಾಫ್ಟಿನ ವರ್ಷಗಟ್ಟಲೆ ಅಂಕಿಅಂಶ ಕೂರಿಸಿ ಲೆಕ್ಕ ಹಾಕಿದರು. ಒಂದೇ ಸ್ಥಾನದಲ್ಲಿ ಆಡೋ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡೋ ಸಾಧ್ಯತೆ ಎಷ್ಟು? ಸುಮಾರು 52%. ನಾಣ್ಯ ಚಿಮ್ಮಿದ್ರೆ 50% ಸಿಗುತ್ತೆ. ಅಂದ್ರೆ ಕೋಟ್ಯಂತರ ಡಾಲರ್ ಸುರಿದು ಸ್ಕೌಟಿಂಗ್ ಮಾಡಿ ಅವರು ಗಳಿಸಿದ್ದು ನಾಣ್ಯಕ್ಕಿಂತ ಎರಡು ಅಂಶ ಜಾಸ್ತಿ. ಕೊಟ್ಟ ದುಡ್ಡಿಗೆ ಹೆಚ್ಚು ಲಾಭ ತಂದವರು ಮೊದಲ ಕೆಲವು ಆಯ್ಕೆಗಳಲ್ಲ, ಎರಡನೇ ಸುತ್ತಿನ ಸುತ್ತಮುತ್ತ ಬಂದವರು ಅನ್ನೋದು ಅವರ ಇನ್ನೊಂದು ಶೋಧ.

ನಮ್ಮಲ್ಲೂ ಇಂಡಿಯನ್ ಸೂಪರ್ ಲೀಗ್ ಒಂದಷ್ಟು ಕಾಲ ಡ್ರಾಫ್ಟ್ ನಡೆಸಿತು. ಕೊನೆಯದು 2017ರ ಜುಲೈ 23ರಂದು ಮುಂಬೈನಲ್ಲಿ. ಅವತ್ತು ಸುದ್ದಿಯಾಗಿದ್ದು 1.10 ಕೋಟಿಯ ಅನಸ್ ಎಡತೊಡಿಕ ಮತ್ತು ಯೂಜೀನ್‌ಸನ್ ಲಿಂಗ್ಡೋ. ಬೆಂಗಳೂರು ಎಫ್‌ಸಿ ಆ ಡ್ರಾಫ್ಟಲ್ಲಿ ಆರಿಸಿಕೊಂಡವರಲ್ಲಿ ರಾಹುಲ್ ಭೇಕೆ ಅನ್ನೋ ಡಿಫೆಂಡರ್ ಇದ್ದ. 2019ರ ಮಾರ್ಚ್ 17ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಕಪ್ ತಂದವನು ಅವನೇ. ಫುಟ್ಬಾಲ್ ಕಥೆ ಇಷ್ಟು ಸಾಕು. ನಮ್ಮ ಸೀಮೆಯ ಆಟಕ್ಕೆ ಬರೋಣ.

ಔಟಾದ ಸ್ಟಾರನ್ನ ಎಬ್ಬಿಸೋರು ಯಾರು?

ಕಬಡ್ಡಿಯಲ್ಲಿ ತಂಡದ ಆಳ ಬೇರೆ ಆಟಗಳಿಗಿಂತ ಹೆಚ್ಚು ಮುಖ್ಯ. ಇದು ಭಾವನೆಯ ಮಾತಲ್ಲ, ನಿಯಮದಲ್ಲೇ ಇದೆ. ಕ್ರಿಕೆಟ್‌ನಲ್ಲಿ ಔಟಾದವನು ಪೆವಿಲಿಯನ್‌ಗೆ ಹೋದರೆ ಮುಗೀತು. ಫುಟ್ಬಾಲ್‌ನಲ್ಲಿ ರೆಡ್ ಕಾರ್ಡ್ ಬರದಿದ್ರೆ 90 ನಿಮಿಷ ಆಡಬಹುದು. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂತು ಕಾಯಬೇಕು, ತನ್ನ ತಂಡದ ಇನ್ನೊಬ್ಬ ಪಾಯಿಂಟ್ ತಂದಾಗಷ್ಟೇ ಒಳಗೆ ಬರಬೇಕು, ಅದೂ ಔಟಾದ ಸರದಿಯಲ್ಲಿ.

ಈಗ ಲೆಕ್ಕ ಹಾಕಿ. 40 ನಿಮಿಷದ ಪಂದ್ಯ. ಒಂದು ರೇಡಿಗೆ ಗರಿಷ್ಠ 30 ಸೆಕೆಂಡ್. ಎರಡೂ ತಂಡ ಸೇರಿ ಸುಮಾರು 80 ರೇಡ್, ಒಂದು ತಂಡಕ್ಕೆ 40. ಎಂಥಾ ಪವನ್ ಸೆಹ್ರಾವತ್ ಆದರೂ ನಲವತ್ತಕ್ಕೆ ನಲವತ್ತೂ ಹೋಗೋಕಾಗಲ್ಲ. ನಾಲ್ಕು ಸಲ ಸಿಕ್ಕಿಹಾಕಿಕೊಂಡರೆ ನಾಲ್ಕು ಸಲ ಹೊರಗೆ ಕೂರಬೇಕು. ಅವನು ಕೂತಿದ್ದಾಗ ರೇಡಿಗೆ ಹೋಗಿ ಬೋನಸ್ ಕದಿಯೋದು, ಮೂರೇ ಜನ ಉಳಿದಾಗ ಎದುರಾಳಿಯನ್ನ ಹಿಡಿದು ಸೂಪರ್ ಟ್ಯಾಕಲ್‌ನ ಎರಡು ಪಾಯಿಂಟ್ ತರೋದು, ಇವೆಲ್ಲ ಸಿ ಮತ್ತು ಡಿ ಕೆಟಗರಿಯವರ ಕೆಲಸ. ಎರಡೂವರೆ ಕೋಟಿಯವನನ್ನ ಮತ್ತೆ ಮ್ಯಾಟಿಗೆ ಕರೆತರೋದು 9 ಲಕ್ಷದವನು. ಅವನು ದುರ್ಬಲನಾದರೆ ಎರಡೂವರೆ ಕೋಟಿ ಬೆಂಚ್ ಮೇಲೆ ಕೂತಿರುತ್ತೆ, ಅಷ್ಟೇ.

ಇದಕ್ಕೆ ಪುರಾವೆ ಬೇಕು ಅಂದ್ರೆ ಪವನ್ ಅವರದ್ದೇ ಎರಡು ಸೀಸನ್ ನೋಡಿ. 2022ರ ಹರಾಜಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. ಆಗ ತಂಡದ ಪರ್ಸ್ 4.4 ಕೋಟಿ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಒಬ್ಬನಿಗೆ. ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟಾಯ್ತು, ಇಡೀ ಸೀಸನ್ ಹೊರಗೆ. ತಲೈವಾಸ್ ಕಥೆ ಮುಗೀತು ಅಂತ ಎಲ್ಲರೂ ಅಂದರು. ಆಗ ನರೇಂದರ್ ಅನ್ನೋ ಹೊಸ ಹುಡುಗ, ಯುವ ಆಟಗಾರರ ಸಣ್ಣ ಬಾಗಿಲಿಂದ ಬಂದವನು, 243 ರೇಡ್ ಪಾಯಿಂಟ್ ತಂದ. ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಸೆಮಿಫೈನಲ್‌ಗೆ ಹೋಯ್ತು.

ಮುಂದಿನ ವರ್ಷ, 2023ರ ಅಕ್ಟೋಬರ್ ಹರಾಜಲ್ಲಿ, ತೆಲುಗು ಟೈಟಾನ್ಸ್ ಪವನ್‌ಗೆ 2.605 ಕೋಟಿ ಸುರಿಯಿತು. ಪರ್ಸ್ 5 ಕೋಟಿ, ಅದರ 52%. ಈ ಸಲ ಪವನ್‌ಗೆ ಪೆಟ್ಟಾಗಲಿಲ್ಲ. ಸೀಸನ್ ಪೂರ್ತಿ ಆಡಿ 200 ರೇಡ್ ಪಾಯಿಂಟ್ ದಾಟಿದರು. ಟೈಟಾನ್ಸ್ 12 ತಂಡಗಳಲ್ಲಿ 12ನೇ ಸ್ಥಾನಕ್ಕೆ ಬಂತು. ಉಳಿದ 2.395 ಕೋಟಿಯನ್ನ 17 ಜನರಿಗೆ ಹಂಚಿದರೂ ತಲಾ 14 ಲಕ್ಷ. ಸಿ ಕೆಟಗರಿಯ ಬೇಸ್ ಪ್ರೈಸ್‌ಗಿಂತ ಒಂದು ಲಕ್ಷ ಜಾಸ್ತಿ ಅಷ್ಟೇ. ಆ ಸೀಸನ್ನಿನ ಸೋಲನ್ನ ಪವನ್ ತಲೆಗೆ ಕಟ್ಟಿದವರಿದ್ದಾರೆ. ನನ್ನ ಪ್ರಕಾರ ಅದು ಕ್ಯಾಲ್ಕುಲೇಟರ್ ಹಿಡಿಯದ ಮ್ಯಾನೇಜ್‌ಮೆಂಟಿನ ಸೋಲು.

ಅದೇ ಸೀಸನ್ ಗೆದ್ದ ಪುಣೇರಿ ಪಲ್ಟನ್ ಕೂಡ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತ್ತಲ್ಲ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ವ್ಯತ್ಯಾಸ ಇರೋದು ಉಳಿದವರಲ್ಲಿ. ಪಲ್ಟನ್ ವರ್ಷಗಳ ಕಾಲ ಯುವ ಪಲ್ಟನ್ ಅನ್ನೋ ತನ್ನದೇ ತರಬೇತಿ ವ್ಯವಸ್ಥೆಯಲ್ಲಿ ಹುಡುಗರನ್ನ ಬೆಳೆಸಿಕೊಂಡಿತ್ತು. ನಾಯಕ ಅಸ್ಲಂ ಇನಾಮದಾರ್ ಸೇರಿ ತಂಡದ ಬೆನ್ನೆಲುಬೇ ಅಂಥ ಹುಡುಗರು. ಅಗ್ಗಕ್ಕೆ ಸಿಕ್ಕ ಆಳ ಮೊದಲೇ ಇದ್ದಿದ್ದರಿಂದ ದುಬಾರಿ ಆಟಗಾರನನ್ನ ಕೊಳ್ಳೋಕೆ ಅವರಿಗೆ ಸಾಧ್ಯವಾಯ್ತು. ಆ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅದಕ್ಕೂ ಮುಂಚೆ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆಲ್ಲಿಸಿಕೊಟ್ಟವರು.

ಒಂದು ಎಚ್ಚರಿಕೆ. ನರೇಂದರ್ ಕಥೆ ಹೇಳಿ 'ನೋಡ್ರಿ, ಕೊನೆ ಸುತ್ತಲ್ಲೇ ಬಂಗಾರ ಇರೋದು' ಅಂತ ಮುಗಿಸೋದು ಸುಲಭ. ಆದ್ರೆ ನಮಗೆ ನೆನಪಿರೋದು ಗೆದ್ದವರು ಮಾತ್ರ. ಒಂದು ಸೀಸನ್ ಪೂರ್ತಿ ಟ್ರ್ಯಾಕ್‌ಸೂಟ್ ಹಾಕ್ಕೊಂಡು ಬೆಂಚಲ್ಲಿ ಕೂತು, ಮುಂದಿನ ಹರಾಜಲ್ಲಿ ಹೆಸರೇ ಬರದೆ ಊರಿಗೆ ವಾಪಸಾದವರ ಪಟ್ಟಿ ಎಲ್ಲೂ ಪ್ರಕಟ ಆಗಲ್ಲ. ಕೊನೆಯ ಸುತ್ತಿನ ಆಳ ಅಂದ್ರೆ 'ಅಲ್ಲಿರೋರೆಲ್ಲ ಸ್ಟಾರ್' ಅಂತಲ್ಲ. 'ಅಲ್ಲಿರೋರಲ್ಲಿ ಯಾರು ಸ್ಟಾರ್ ಅಂತ ಹರಾಜಿನ ದಿನ ಯಾರಿಗೂ ಗೊತ್ತಿಲ್ಲ' ಅಂತ. ಹಾಗಾಗಿ ಜಾಸ್ತಿ ಹುಡುಗರಿಗೆ ಆಡೋ ಅವಕಾಶ ಕೊಟ್ಟ ತಂಡಕ್ಕೆ ಜಾಸ್ತಿ ಸಿಗುತ್ತೆ. ಪವನ್ ಕೂಡ ಇದಕ್ಕೆ ಉದಾಹರಣೆಯೇ. ಬೆಂಗಳೂರು ಬುಲ್ಸ್‌ನಲ್ಲಿ ಶುರು ಮಾಡಿ, 2017ರಲ್ಲಿ ಗುಜರಾತ್ ತಂಡದ ಬೆಂಚಲ್ಲೇ ಬಹುಪಾಲು ಕಾಲ ಕಳೆದ ಹುಡುಗ. 2018ರಲ್ಲಿ ಬುಲ್ಸ್ ಅವನನ್ನ 52.8 ಲಕ್ಷಕ್ಕೆ ವಾಪಸ್ ತಂದಿತು. ಅದೇ ಹರಾಜಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋಗಿದ್ದರು. ಆ ಸೀಸನ್ ಪವನ್ 271 ರೇಡ್ ಪಾಯಿಂಟ್ ಗಳಿಸಿ, 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ತಂದು ಬುಲ್ಸ್‌ಗೆ ಈವರೆಗಿನ ಏಕೈಕ ಕಪ್ ಗೆದ್ದುಕೊಟ್ಟ.

ಘಟಪ್ರಭೆಯಿಂದ ಮುಂಬೈ ಎಷ್ಟು ದೂರ?

ಈಗ ಊರಿಗೆ ಬರೋಣ. ಗೋಕಾಕ, ಅದರಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಮೂಡಲಗಿ, ಹಿಡಕಲ್ ಡ್ಯಾಮ್ ಇರೋ ಹುಕ್ಕೇರಿ. ಮೂರೂ ಘಟಪ್ರಭೆ ನೀರು ಕುಡಿಯೋ, ಕಬ್ಬು ಬೆಳೆಯೋ ತಾಲ್ಲೂಕುಗಳು. ಇಲ್ಲಿ ಗಟ್ಟಿ ಮೈಯಿಗೆ ಬರ ಇಲ್ಲ. ಗರಡಿಮನೆ ಸಂಸ್ಕೃತಿ ಇನ್ನೂ ಉಸಿರಾಡ್ತಿರೋ ಸೀಮೆ, ಕುಸ್ತಿ ಹಿಡಿತ ಗೊತ್ತಿರೋ ಹುಡುಗ ಕಬಡ್ಡಿಗೆ ಬಂದ್ರೆ ಅರ್ಧ ಡಿಫೆಂಡರ್ ಆಗೇ ಬಂದಿರ್ತಾನೆ. ಜಾತ್ರೆ ಇದ್ರೆ ಟೂರ್ನಮೆಂಟ್ ಇದೆ. 55 ಕೆ.ಜಿ., 65 ಕೆ.ಜಿ. ಅಂತ ತೂಕದ ವಿಭಾಗ, ರಾತ್ರಿಯಿಡೀ ಲೈಟಿನ ಬೆಳಕಲ್ಲಿ ಪಂದ್ಯ, ಮೈಕಲ್ಲಿ ಕಾಮೆಂಟ್ರಿ, ಬ್ಯಾನರ್ ತುಂಬ ಶಾಸಕರು, ಸಕ್ಕರೆ ಕಾರ್ಖಾನೆ ನಿರ್ದೇಶಕರು, ಅವರ ಮಕ್ಕಳು. ಬಹುಮಾನದ ದುಡ್ಡಿಗೂ ಕೊರತೆ ಇಲ್ಲ. ಕೊರತೆ ಇರೋದು ಅಲ್ಲಿಂದ ಮುಂದಿನ ಮೆಟ್ಟಿಲಿಗೆ.

ಮೊದಲನೇದು, ಮಣ್ಣು ಮತ್ತು ಮ್ಯಾಟ್. ಇವೆರಡೂ ಒಂದೇ ಆಟ ಅಂತ ತಿಳಿಯೋರು ಎರಡರ ಮೇಲೂ ಆಡಿಲ್ಲ. ಮಣ್ಣಲ್ಲಿ ಬರಿಗಾಲು ಜಾರುತ್ತೆ, ಹಾಗಾಗಿ ಹುಡುಗ ಜಾರೋದನ್ನೇ ಕಲೆ ಮಾಡ್ಕೊಂಡಿರ್ತಾನೆ. ಮ್ಯಾಟ್ ಮೇಲೆ ಶೂ ಹಿಡಿಯುತ್ತೆ. ಅಲ್ಲಿ ಸಟಕ್ಕನೆ ತಿರುಗಿದ್ರೆ ಮಣ್ಣಿನ ಅಭ್ಯಾಸದ ಮೊಣಕಾಲು ತಿರುಗಲ್ಲ, ಮುರಿಯುತ್ತೆ. ಮೂರನೇ ರೇಡ್ ಖಾಲಿ ಬರಬಾರದು ಅನ್ನೋ 'ಡು ಆರ್ ಡೈ' ನಿಯಮ ಆಟದ ಗತಿಯನ್ನೇ ಬದಲಿಸುತ್ತೆ. ಅದನ್ನ ಹದಿನೆಂಟರ ವಯಸ್ಸಲ್ಲಿ ಕಲಿತವನಿಗೂ ಇಪ್ಪತ್ತೆರಡರಲ್ಲಿ ಟ್ರಯಲ್ಸ್‌ಗೆ ಹೋಗಿ ಮೊದಲ ಸಲ ಕಂಡವನಿಗೂ ಹೋಲಿಕೆ ಎಲ್ಲಿ? ಪುರುಷರ ಅಂಕಣದ ಅಳತೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮದುವೆ ಹಾಲ್‌ನಲ್ಲಿ ಆರಾಮಾಗಿ ಹಿಡಿಸುತ್ತೆ. ತಾಲ್ಲೂಕಿಗೆ ಒಂದು ಮ್ಯಾಟ್ ಅಂಕಣ, ಮೇಲೆ ಒಂದು ಸೂರು, ವರ್ಷಪೂರ್ತಿ ಒಬ್ಬ ಕೋಚ್ ಅನ್ನೋದು ಶಾಸಕರ ಅನುದಾನದಲ್ಲೇ ಆಗಿಹೋಗೋ ಕೆಲಸ. ಒಂದು ರಾತ್ರಿಯ ಟೂರ್ನಮೆಂಟಿಗೆ ಬ್ಯಾನರ್ ಕಟ್ಟೋದರಷ್ಟು ಫೋಟೊಜೆನಿಕ್ ಅಲ್ಲ, ಅಷ್ಟೇ.

ಎರಡನೇದು, ಯಾರ ಕಣ್ಣಿಗೆ ಬೀಳಬೇಕು ಅನ್ನೋದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ನಿಂತ್ರೆ ಬೆಂಗಳೂರಿಗಿಂತ ಕೊಲ್ಹಾಪುರ ಎಷ್ಟೋ ಹತ್ತಿರ. ಗಡಿಯಾಚೆಗಿನ ಚಂದಗಡ ತಾಲ್ಲೂಕು ಕೂಡ ಇಂಥದೇ ಕಬ್ಬಿನ, ಕುಸ್ತಿಯ ಊರುಗಳ ಸೀಮೆ. ಅಲ್ಲಿಂದ ಬಂದ ಸಿದ್ಧಾರ್ಥ ದೇಸಾಯಿ 2018ರಲ್ಲಿ ಯು ಮುಂಬಾ ತಂಡಕ್ಕೆ 36.4 ಲಕ್ಷಕ್ಕೆ ಬಂದು, ಒಂದೇ ಸೀಸನ್ ಆಡಿ, ಮುಂದಿನ ಹರಾಜಲ್ಲಿ 1.45 ಕೋಟಿಗೆ ಹೋದರು. ನೀರು ಒಂದೇ, ನೆಲ ಒಂದೇ. ಆ ಕಡೆ ಮುಂಬೈ-ಪುಣೆಯ ಕಂಪನಿ ತಂಡಗಳು, ಕ್ಲಬ್‌ಗಳು, ಸ್ಕೌಟ್‌ಗಳ ಜಾಲ ಇದೆ. ಈ ಕಡೆ ರಾಜ್ಯ ತಂಡದ ಟ್ರಯಲ್ಸ್‌ಗೆ ಹೋಗಬೇಕು ಅಂದ್ರೆ ರಾತ್ರಿ ಬಸ್, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಅಂಕಣಕ್ಕೆ. ಕರಾವಳಿಯ ಕಥೆಯೂ ಬೇರೆ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ನಾಯಕನಾಗಿ 2022ರ ಫೈನಲ್ ಆಡಿದರು. ಸುಕೇಶ್ ಹೆಗ್ಡೆ ಗುಜರಾತ್ ತಂಡ ಮುನ್ನಡೆಸಿದರು. ಅಲ್ಲಿನ ಕಾಲೇಜುಗಳು ಕಬಡ್ಡಿ ಆಟಗಾರರನ್ನ ಹುಡುಕಿ ಸೀಟು ಕೊಟ್ಟು ಸಾಕಿದ ಫಲ ಅದು. ಬೆಳಗಾವಿ ಜಿಲ್ಲೆಗೆ ಅಂಥ ಒಂದು ಮಾದರಿ ಗೊತ್ತಿಲ್ಲ ಅಂತಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ವಸತಿ ಶಾಲೆ ಇದೆ. ಒಂದೇ ಶಾಲೆ ಎಷ್ಟು ತಾಲ್ಲೂಕುಗಳನ್ನ ಹೊರಬೇಕು?

ಬುಲ್ಸ್ ಬಗ್ಗೆಯೂ ಒಂದು ಮಾತು. ರಾಜ್ಯದ ಹೆಸರಲ್ಲಿ ಆಡೋ ಈ ತಂಡ 2017ರಲ್ಲಿ ತವರಿನ ಪಂದ್ಯಗಳನ್ನ ನಾಗಪುರದಲ್ಲಿ ಆಡಿತು, 2018ರಲ್ಲಿ ಪುಣೆಯಲ್ಲಿ. 2024 ಮತ್ತು 2025ರ ಎರಡೂ ಸೀಸನ್‌ಗಳಲ್ಲಿ ಬೆಂಗಳೂರಲ್ಲಿ ಒಂದು ಪಂದ್ಯವೂ ನಡೆದಿಲ್ಲ. ಬೆಳಗಾವಿ, ಹುಬ್ಬಳ್ಳಿಗೆ ತಂಡ ಬರುತ್ತೆ ಅಂತ ನಾವು ಕೇಳೋ ಹಾಗೇ ಇಲ್ಲ.

ಹರಾಜಲ್ಲಿ ಬಿಕರಿಯಾದ ಮೇಲೆ

12 ತಂಡ, ತಂಡಕ್ಕೆ 18ರಿಂದ 25. ಅಂದ್ರೆ ದೇಶಕ್ಕೆಲ್ಲ 216ರಿಂದ 300 ಜಾಗ, ಅದರಲ್ಲಿ ವಿದೇಶಿಯರೂ ಸೇರಿ. 9 ಲಕ್ಷ ಅಂದ್ರೆ ಮೂಡಲಗಿಯ ಎರಡು ಎಕರೆ ರೈತನ ಮನೆಯಲ್ಲಿ ದೊಡ್ಡ ಮೊತ್ತ, ಅದನ್ನ ಲಘುವಾಗಿ ಹೇಳೋಕಾಗಲ್ಲ. ಆದ್ರೆ ಅದು ಒಂದು ಸೀಸನ್ನಿನ ದುಡ್ಡು. ಮುಂದಿನ ವರ್ಷ ಕರೆ ಬರದಿದ್ರೆ ಸೊನ್ನೆ. ಅನುಭವಿಗಳಿಗೂ ಇದೇ ಗತಿ. ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟ್ ಗಳಿಸಿದ ಪರ್ದೀಪ್ ನರ್ವಾಲ್ 2021ರಲ್ಲಿ 1.65 ಕೋಟಿ, 2024ರಲ್ಲಿ ಬುಲ್ಸ್‌ಗೆ 70 ಲಕ್ಷ, 2025ರಲ್ಲಿ ಯಾರೂ ಕೊಳ್ಳಲಿಲ್ಲ. ನಿವೃತ್ತಿ ಘೋಷಿಸಿದರು. ಅವರ ಕೈಲಿ ಹೆಸರಾದರೂ ಇದೆ.

ಯುವ ಆಟಗಾರರ ಸಣ್ಣ ಬಾಗಿಲಿನ ಕಸರತ್ತು ಇಲ್ಲೇ ಬರುತ್ತೆ. ಮಿಂಚಿದ ಹುಡುಗನನ್ನ ತಂಡ ಉಳಿಸಿಕೊಳ್ಳಬಹುದು, ಅವನು ಮುಕ್ತ ಹರಾಜಿಗೆ ಹೋಗಿ ತನ್ನ ಬೆಲೆ ಕೇಳೋ ಹಾಗಿಲ್ಲ. ಕಬಡ್ಡಿಯಲ್ಲಿ ರೇಡರ್‌ನ ಉತ್ತುಂಗದ ಕಾಲ ಬಹಳ ಚಿಕ್ಕದು, ಒಂದು ಮೊಣಕಾಲಿನ ಗಾಯದಷ್ಟು ದೂರ. ಆ ಕಾಲದ ಮೊದಲ ವರ್ಷಗಳನ್ನ ಅಗ್ಗದ ದರಕ್ಕೆ ಕಟ್ಟಿಹಾಕಿದ್ರೆ ಲಾಭ ಯಾರಿಗೆ? ತರಬೇತಿ ಕೊಟ್ಟ ತಂಡಕ್ಕೆ ಒಂದಿಷ್ಟು ಹಕ್ಕು ಇರಬೇಕು ಅನ್ನೋ ವಾದ ಸುಳ್ಳಲ್ಲ. ಆದ್ರೆ ತರಬೇತಿ ಕೊಟ್ಟವರು ಅಂತ ಲೆಕ್ಕಕ್ಕೆ ಬರೋರು ಫ್ರಾಂಚೈಸಿ ಮಾತ್ರ ಯಾಕೆ? ಹತ್ತು ವರ್ಷ ಸಂಬಳ ಇಲ್ಲದೆ ಸಂಜೆ ಸಂಜೆ ಅಂಕಣಕ್ಕೆ ನೀರು ಹೊಡೆದು ಹುಡುಗರನ್ನ ಆಡಿಸಿದ ಹಳ್ಳಿಯ ದೈಹಿಕ ಶಿಕ್ಷಕರಿಗೆ ಅದರಲ್ಲಿ ಒಂದು ರೂಪಾಯಿಯೂ ಬರಲ್ಲ. ಜಾಗತಿಕ ಫುಟ್ಬಾಲ್‌ನಲ್ಲಿ ಆಟಗಾರ ವರ್ಗಾವಣೆಯಾದಾಗ ಶುಲ್ಕದ 5% ಅವನನ್ನ 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು ಅನ್ನೋ ನಿಯಮ ಫಿಫಾದಲ್ಲಿದೆ. 2.23 ಕೋಟಿಯ 5% ಅಂದ್ರೆ 11 ಲಕ್ಷದ 15 ಸಾವಿರ. ಒಂದು ಹಳ್ಳಿ ಕ್ಲಬ್ಬಿಗೆ ಅದು ಏನೆಲ್ಲ ಆದೀತು ಅಂತ ನೀವೇ ಊಹಿಸಿ.

ಇಷ್ಟೆಲ್ಲ ಗಂಡುಹುಡುಗರ ಕಥೆ. ಹೆಣ್ಣುಮಕ್ಕಳಿಗೆ ಕೊನೆಯ ಸುತ್ತು ಇರಲಿ, ಮೊದಲ ಸುತ್ತೂ ಇಲ್ಲ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೀತು. ಅದರ ಮೂವರು ನಾಯಕಿಯರಲ್ಲಿ ಇಬ್ಬರು, ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ, ಕರ್ನಾಟಕದವರು. ಜುಲೈ 31ರ ಫೈನಲ್‌ನಲ್ಲಿ ತೇಜಸ್ವಿನಿ ಅವರ ತಂಡ 24-23ರಿಂದ ಗೆದ್ದಿತು. ಒಂದು ಪಾಯಿಂಟ್ ಅಂತರದ ಫೈನಲ್, ಇದಕ್ಕಿಂತ ಒಳ್ಳೆ ಶೋ ಟಿವಿಗೆ ಬೇಕಿತ್ತಾ? ಪುರುಷರ ಲೀಗ್ 12 ಆವೃತ್ತಿ ಮುಗಿಸಿದೆ. ಮಹಿಳೆಯರದ್ದು ಎರಡನೇ ಸಲ ನಡೆದೇ ಇಲ್ಲ.

ಗೋಕಾಕ-ಮೂಡಲಗಿ-ಹುಕ್ಕೇರಿಯಲ್ಲಿ ಇದನ್ನ ಓದ್ತಿರೋ ಆಟಗಾರರಿಗೆ ಉಪಯೋಗ ಆಗೋ ಒಂದೆರಡು ವಿಷಯ. ಸೀನಿಯರ್ ಪುರುಷರಿಗೆ ತೂಕದ ಮಿತಿ 85 ಕೆ.ಜಿ. 55 ಕೆ.ಜಿ. ಟೂರ್ನಮೆಂಟ್ ಗೆಲ್ಲೋಕೆ ಅಂತ ಹದಿನೇಳರ ವಯಸ್ಸಲ್ಲಿ ಊಟ ಬಿಟ್ಟು ತೂಕ ಇಳಿಸೋದು ಮುಂದಿನ ದಾರಿಗೆ ಅಡ್ಡಿ. ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಹಂತಹಂತವಾಗಿ ಹೋಗುತ್ತೆ. ಜಾತ್ರೆ ಕಪ್‌ಗಿಂತ ಅಲ್ಲಿನ ಸರ್ಟಿಫಿಕೇಟ್ ಹೆಚ್ಚು ದೂರ ಬರುತ್ತೆ. ಕಾಲೇಜಲ್ಲಿ ಇರೋರು ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ತಂಡದ ಆಯ್ಕೆ ಬಿಡಬೇಡಿ, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಮೇಲೆ ಫ್ರಾಂಚೈಸಿಗಳ ಕಣ್ಣಿರುತ್ತೆ. ರೈಲ್ವೆ, ಪೊಲೀಸ್ ಕ್ರೀಡಾ ಕೋಟಾ ಅರ್ಜಿಗಳನ್ನ ಲೀಗ್ ಕನಸಿನ ಜೊತೆಜೊತೆಗೇ ಹಾಕ್ತಾ ಇರಿ. ಇನ್ನು ಶಾಲೆ ದಾಖಲಾತಿ, ಆಧಾರ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಮೇಷ್ಟ್ರು ಅಂದಾಜಿನ ಮೇಲೆ ಬರೆದ ಜೂನ್ 1 ಒಂದರಲ್ಲಿ, ತಾಯಿ ಹೇಳಿದ ತಾರೀಕು ಇನ್ನೊಂದರಲ್ಲಿ ಇದ್ರೆ, ವಯಸ್ಸಿನ ಮಿತಿ ಇರೋ ಆಯ್ಕೆಯಲ್ಲಿ ಮ್ಯಾಟ್ ಮುಟ್ಟೋಕೆ ಮುಂಚೆಯೇ ಹೆಸರು ಹೊಡೆದುಹಾಕ್ತಾರೆ.